‘ಆರ್ಟ್ಸ್ ಸಿಕ್ಕಿತು’ ಎನ್ನುವ ಊರಿನಲ್ಲಿ ಲಿಬರಲ್ ಆರ್ಟ್ಸ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪ್ಲಸ್ ವನ್ (ಹನ್ನೊಂದನೇ ತರಗತಿ) ಅರ್ಜಿ ಹಾಕುವ ಹೊತ್ತಿಗೆ ಕಾಸರಗೋಡಿನ ಮನೆಗಳಲ್ಲಿ ಎರಡು ಕ್ರಿಯಾಪದಗಳು ಓಡಾಡುತ್ತವೆ. ಒಬ್ಬ ಸಯನ್ಸ್ ‘ತೆಗೆದುಕೊಂಡ’. ಇನ್ನೊಬ್ಬನಿಗೆ ಹ್ಯುಮ್ಯಾನಿಟೀಸ್ ‘ಸಿಕ್ಕಿತು’. ಮೊದಲನೆಯದು ಆಯ್ಕೆ, ಎರಡನೆಯದು ಹಣೆಬರಹ. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ‘ಮಗನದ್ದು ಎಂತ?’ ಎಂದು ಕೇಳಲಿ. ಸಯನ್ಸಿನ ಅಪ್ಪ ಪಾಯಸ ಬಡಿಸಿಕೊಳ್ಳುತ್ತಲೇ ಉತ್ತರ ಕೊಟ್ಟಾನು. ಹ್ಯುಮ್ಯಾನಿಟೀಸಿನ ಅಪ್ಪ ಮಾತ್ರ ‘ಸದ್ಯಕ್ಕೆ ಅದು ಸಿಕ್ಕಿದೆ, ಸೆಕೆಂಡ್ ಅಲಾಟ್‌ಮೆಂಟ್ ಉಂಟಲ್ಲ, ನೋಡುವ’ ಎಂದು ಎಲೆಯ ಕಡೆಗೆ ಬಗ್ಗುತ್ತಾನೆ.

ಅದೇ ತಿಂಗಳುಗಳಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಬೇರೆಯದೇ ನೋಟ. 2014ರಲ್ಲಿ ಅಲ್ಲಿ ಶುರುವಾದ ಅಶೋಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ಸಾಹಿತ್ಯ ಓದುವುದಕ್ಕೆ ಮಕ್ಕಳು ವರ್ಷಕ್ಕೆ ಹಲವು ಲಕ್ಷ ಫೀಸು ಕಟ್ಟುತ್ತಾರೆ, ಸೀಟಿಗಾಗಿ ಪ್ರಬಂಧ ಬರೆಯುತ್ತಾರೆ, ಸಂದರ್ಶನಕ್ಕೆ ಕೂರುತ್ತಾರೆ. ಅಲ್ಲಿ ಅದರ ಹೆಸರು ಲಿಬರಲ್ ಆರ್ಟ್ಸ್. ಹೆಚ್ಚುಕಡಿಮೆ ಅದೇ ವಿಷಯಗಳು ಸರಕಾರಿ ಕಾಲೇಜಿನಲ್ಲಿ ಜುಜುಬಿ ಫೀಸಿಗೆ ಸಿಗುವಾಗ ಅದರ ಹೆಸರು ಬಿಎ, ಬೇರೆಲ್ಲೂ ಸೀಟು ಸಿಗದವರ ಛತ್ರ. ಉಳ್ಳವರು ಲಕ್ಷ ಕೊಟ್ಟು ಕೊಳ್ಳುವ ವಸ್ತುವನ್ನು ನಾವು ಧರ್ಮಕ್ಕೆ ಕೊಟ್ಟರೂ ಬೇಡ ಅನ್ನುತ್ತಿದ್ದೇವೆಂದರೆ ಎರಡರಲ್ಲೊಂದು ನಿಜವಿರಬೇಕು. ಅವರು ಮೋಸಹೋಗುತ್ತಿದ್ದಾರೆ, ಇಲ್ಲವೇ ನಮಗೆ ಕೊಡುತ್ತಿರುವುದು ಆ ವಸ್ತುವೇ ಅಲ್ಲ.

ನನ್ನ ಅಂದಾಜು ಎರಡನೆಯದರ ಕಡೆಗೆ. ಈ ವಿದ್ಯೆ ಸೋನಿಪತ್‌ನ ಮಕ್ಕಳಿಗಿಂತ ಗಡಿನಾಡಿನ ಮಕ್ಕಳಿಗೆ ಹೆಚ್ಚು ಬೇಕಾದದ್ದು. ಇಲ್ಲಿ ಅದು ಹೊಟ್ಟೆಪಾಡಿಗೂ ಹಕ್ಕಿಗೂ ಹತ್ತಿರದ ವಿಷಯ. ಆದರೆ ಆ ಹೆಸರಿನಲ್ಲಿ ಅವರ ಕೈಗೆ ಬರುತ್ತಿರುವುದು ಬೇರೆಯೇ ಏನೋ.

ಮೊದಲು ಹೆಸರಿನ ತೊಡಕು ಬಿಡಿಸಿಕೊಳ್ಳಬೇಕು. ‘ಲಿಬರಲ್ ಆರ್ಟ್ಸ್’ ಅನ್ನು ಪದಕ್ಕೆ ಪದ ಇಟ್ಟು ‘ಉದಾರ ಕಲೆಗಳು’ ಎಂದರೆ ಯಾರೋ ದಾನಿಗಳು ಭರತನಾಟ್ಯ ಕಲಿಸುತ್ತಿದ್ದಾರೆ ಅನ್ನಿಸುತ್ತದೆ. ಲ್ಯಾಟಿನ್‌ನಲ್ಲಿ ‘ಲಿಬರ್’ ಎಂದರೆ ಸ್ವತಂತ್ರ. ಗುಲಾಮನಲ್ಲದ, ಸಭೆಯಲ್ಲಿ ಎದ್ದುನಿಂತು ಮಾತಾಡುವ ಹಕ್ಕಿದ್ದವನಿಗೆ ಬೇಕಾದ ವಿದ್ಯೆ ಅದು. ಮಧ್ಯಯುಗದ ಯುರೋಪಿನಲ್ಲಿ ಅದರ ಪಟ್ಟಿ ಏಳಕ್ಕೆ ನಿಂತಿತ್ತು: ವ್ಯಾಕರಣ, ತರ್ಕ, ವಾಕ್ಚಾತುರ್ಯ ಎಂಬ ಮೂರು, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ನಾಲ್ಕು. ಗಣಿತವೂ ಖಗೋಳವೂ ‘ಆರ್ಟ್ಸ್’ ಒಳಗೇ ಇದ್ದವು ನೋಡಿ. ಲೆಕ್ಕ ಬಾರದವರು ಆರ್ಟ್ಸಿಗೆ ಎಂಬ ನಮ್ಮ ವಿಂಗಡಣೆ ಆಮೇಲೆ ಹುಟ್ಟಿದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬಾಣಭಟ್ಟನ ‘ಕಾದಂಬರಿ’ಯಲ್ಲಿ ಬರುವ 64 ಕಲೆಗಳನ್ನು ನೆನೆದು ಅದೇ ಮಾತು ಹೇಳುತ್ತದೆ: ಆ ಪಟ್ಟಿಯಲ್ಲಿ ಹಾಡು, ಚಿತ್ರದ ಜೊತೆ ರಸಾಯನವೂ ಇತ್ತು, ಮರಗೆಲಸವೂ ಇತ್ತು.

ಆ ನೀತಿಯ ಬೆನ್ನಿಗೆ ನಮ್ಮ ಗಡಿಯಲ್ಲಿ ಒಂದು ವಿಚಿತ್ರ ನಡೆಯಿತು. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಕೇರಳ ಅದೇ 2024ರ ಜುಲೈಯಲ್ಲಿ ನಾಲ್ಕು ವರ್ಷದ ಪದವಿ ಶುರುಮಾಡಿತು. ಬೇಕಾದವರು ಮೂರಕ್ಕೇ ಮುಗಿಸಿ ಹೊರಡಬಹುದು. ತಲಪಾಡಿಯ ಟೋಲ್‌ಗೇಟಿನಿಂದ ಆಚೆ ಒಂದು ಲೆಕ್ಕ, ಈಚೆ ಇನ್ನೊಂದು. ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಹೋಗುವ ಕುಂಬಳೆಯ ಹುಡುಗಿಗೂ ಅದೇ ರಸ್ತೆಯಲ್ಲಿ ಕಾಸರಗೋಡಿಗೆ ಬಸ್ಸು ಹತ್ತುವ ಅವಳ ಗೆಳತಿಗೂ ಒಂದೇ ವಿಷಯಕ್ಕೆ ಎರಡು ಬಗೆಯ ಪದವಿ. ಕೇರಳದ ಹೊಸ ಪದ್ಧತಿಯಲ್ಲಿ ಫಿಸಿಕ್ಸ್ ಓದುವವರೂ ಬೇರೆ ವಿಭಾಗದ ಪೇಪರು ತೆಗೆದುಕೊಳ್ಳಬೇಕು, ಇತಿಹಾಸದವರೂ ಅಷ್ಟೆ. ಕಾಗದದ ಮೇಲೆ ಇದು ಲಿಬರಲ್ ಆರ್ಟ್ಸಿನ ಬಾಗಿಲು ತೆರೆದ ಹಾಗೆಯೇ. ಬಾಗಿಲು ತೆರೆದ ಮೇಲೆ ಒಳಗೆ ಕಲಿಸುವವರು ಇದ್ದಾರೋ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ವಿದ್ಯೆ ನಿತ್ಯದ ಬದುಕಿನಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆ? ಭಾಷಣಗಳಲ್ಲಿ ‘ವ್ಯಕ್ತಿತ್ವ ವಿಕಸನ’ ಎಂದೆಲ್ಲ ಹೇಳುತ್ತಾರೆ. ಕೇಳಿದರೆ ನನಗೆ ಆಕಳಿಕೆ ಬರುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ಅಕ್ಷಯ ಕೇಂದ್ರದಲ್ಲಿ, ಎಂದರೆ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇಂದ್ರದಲ್ಲಿ, ಕಂಡದ್ದನ್ನು ಹೇಳುತ್ತೇನೆ.

ನಾನು ಹೋದದ್ದು ಕಂದಾಯ ಕಟ್ಟಲು. ನನ್ನ ಮುಂದೆ ಒಬ್ಬ ಅಜ್ಜ, ಜೊತೆಗೆ ಇಂಗ್ಲಿಷ್ ಮೀಡಿಯಮ್ಮಿನ ಮೊಮ್ಮಗ. ಅಜ್ಜನ ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಮಡಚಿ ಮಡಚಿ ಗೆರೆಗಳಲ್ಲೇ ಹರಿಯತೊಡಗಿದ ಹಳೆಯ ಆಧಾರ, ಎಂದರೆ ಕನ್ನಡದಲ್ಲಿ ಬರೆದ ಜಾಗದ ಪತ್ರ. ಕೇರಳದಲ್ಲಿ ‘ಎಂಡೆ ಭೂಮಿ’ ಎಂಬ ಹೆಸರಿನಲ್ಲಿ 2022ರಿಂದ ಡಿಜಿಟಲ್ ರೀಸರ್ವೆ ನಡೆಯುತ್ತಿದೆಯಲ್ಲ, ಅದರಲ್ಲಿ ಅವರ ತೋಟದ ಬದಿಯ ಒಂದು ತುಂಡು ಜಾಗದ ಗಡಿ ತಕರಾರಿಗೆ ಬಿದ್ದಿತ್ತು. ಹಳೆಯ ದಾಖಲೆಯಲ್ಲಿ ಏನುಂಟೆಂದು ಮಲಯಾಳದಲ್ಲಿ ಬರೆದುಕೊಂಡು ಹೋಗಬೇಕಿತ್ತು. ಅಜ್ಜ ಅಕ್ಷರ ಕೂಡಿಸಿ ಕೂಡಿಸಿ ಓದುವುದು, ಮೊಮ್ಮಗ ಅದನ್ನು ಫೋನಿಗೆ ಹೇಳುವುದು, ಫೋನು ಅದನ್ನು ಮಲಯಾಳ ಮಾಡುವುದು. ಹೀಗೆ ನಡೆಯುತ್ತಿತ್ತು ಕಾರ್ಯ.

ಫೋನು ಮಾಡಿದ ಮಲಯಾಳವನ್ನು ಕೇಳಬೇಕಿತ್ತು ನೀವು. ಆಧಾರ ಶುರುವಾಗುವುದೇ ‘ಭಾವ ಸಂವತ್ಸರದ ವೃಶ್ಚಿಕ ಮಾಸ’ದಿಂದ. ಅದು ‘ವಿಕಾರ ವರ್ಷಂ’ ಆಯಿತು. ಮಲಯಾಳದಲ್ಲಿ ವಿಕಾರವೆಂದರೆ ಭಾವನೆ. ತಪ್ಪು ಫೋನಿನದ್ದೋ ಭಾಷೆಯದ್ದೋ ಹೇಳುವುದು ಕಷ್ಟ. ಗೇಣಿ ‘12 ಮುಡಿ ಅಕ್ಕಿ’ ಎಂದಿತ್ತು. ಮುಡಿಯೆಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ, ಒಂದಕ್ಕೆ 42 ಸೇರು. ಮಲಯಾಳದಲ್ಲಿ ಮುಡಿಯೆಂದರೆ ತಲೆಕೂದಲು. ಹೀಗೆ ಗೇಣಿದಾರ ವರ್ಷಕ್ಕೆ ಹನ್ನೆರಡು ಕೂದಲು ಕೊಡಬೇಕಾಯಿತು. ಅದರ ಮುಂದೆ ‘ಕುಮ್ಕಿ ಸಹಿತ’ ಎಂದಿತ್ತು. ಫೋನು ಕುಮ್ಕಿಯನ್ನು ಒಬ್ಬ ಮನುಷ್ಯಳನ್ನಾಗಿ ಮಾಡಿ ಜಾಗದ ಪಾಲುದಾರಳೆಂದು ಕೂರಿಸಿಬಿಟ್ಟಿತು. ಮೊಮ್ಮಗ ತಲೆಯೆತ್ತಿ, ‘ಅಜ್ಜ, ಕುಮ್ಕಿ ಯಾರು? ನಮಗೆ ಸಂಬಂಧವಾ?’ ಎಂದು ಕೇಳಿದ.

ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿ ಅಷ್ಟು ಹೊತ್ತು ಯಾರದೋ ಆದಾಯ ಸರ್ಟಿಫಿಕೇಟಿನ ಅರ್ಜಿ ಕುಟ್ಟುತ್ತಿದ್ದಳು. ಕುಮ್ಕಿ ಅಂದಾಗ ಈ ಕಡೆ ತಿರುಗಿದಳು. ‘ಅಜ್ಜ, ಇಲ್ಲಿ ಕೊಡಿ ನೋಡುವ.’ ಓದಿದಳು. ಕುಮ್ಕಿಯೆಂದರೆ ವರ್ಗ ಜಾಗಕ್ಕೆ (ಕಂದಾಯ ಕಟ್ಟುವ ಖಾಸಗಿ ಜಾಗಕ್ಕೆ) ತಾಗಿ 100 ಗಜದೊಳಗಿರುವ ಸರಕಾರಿ ಜಾಗ, ಸೊಪ್ಪು ಸೌದೆ ಹುಲ್ಲಿಗೆ ವರ್ಗದಾರನಿಗೆ ಅದರಲ್ಲಿ ಸವಲತ್ತು ಮಾತ್ರ, ಮಾಲಕತ್ವ ಇಲ್ಲ ಎಂದು ಮೊಮ್ಮಗನಿಗೆ ಬಿಡಿಸಿ ಹೇಳಿದಳು. ಭಾವ ಸಂವತ್ಸರ 1994ರಲ್ಲಿ ಬಂದಿತ್ತು, ಅರುವತ್ತು ಕಳೆದರೆ 1934, ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ್ದು ಎಂದಳು. ಆಮೇಲೆ ಒಂದು ಶಬ್ದದ ಮೇಲೆ ಬೆರಳಿಟ್ಟಳು. ಮೂಲಗೇಣಿಯೆಂದರೆ ಶಾಶ್ವತ ಗೇಣಿ, ಚಾಲಗೇಣಿಯೆಂದರೆ ಧಣಿ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿ. ‘ಇದು ಮೂಲಗೇಣಿ ಅಲ್ಲ ಅಜ್ಜ, ಚಾಲಗೇಣಿ. ಚಾಲಗೇಣಿ ಆದರೆ 1970ರ ಭೂಸುಧಾರಣೆಯ ನಂತರ ಲ್ಯಾಂಡ್ ಟ್ರಿಬ್ಯೂನಲಿನಿಂದ ಗೇಣಿದಾರನ ಹೆಸರಿಗೆ ಪಟ್ಟ ಆಗಿರಬೇಕಲ್ಲ? ಆ ಕಾಗದ ಎಲ್ಲುಂಟು?’

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೆಟ್ಟಿಗೆಯ ಅಡಿಯಲ್ಲಿ ಒಂದು ಮಲಯಾಳದ ಕಾಗದ ಉಂಟು. ನನಗೆ ಓದಲಿಕ್ಕೆ ಬರುವುದಿಲ್ಲ, ಹಾಗೆ ತರಲಿಲ್ಲ’ ಎಂದರು.

ಇಡೀ ಗಡಿನಾಡಿನ ಕತೆ ಆ ಒಂದು ಮಾತಿನಲ್ಲಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಏನೂ ಆಗಲಿಲ್ಲ. ಜಾಗದ ಮೂಲ ದಾಖಲೆ ಕನ್ನಡದಲ್ಲಿ, ಹಕ್ಕು ಕೊಟ್ಟ ದಾಖಲೆ ಮಲಯಾಳದಲ್ಲಿ, ಕಾನೂನು ಇಂಗ್ಲಿಷಿನಲ್ಲಿ, ಗಡಿಕಲ್ಲು ಎಲ್ಲಿತ್ತೆಂಬ ನೆನಪು ತುಳುವಿನಲ್ಲಿ. ಈ ನಾಲ್ಕನ್ನೂ ಒಂದೇ ಮೇಜಿನ ಮೇಲೆ ಹರಡಿ ಒಂದಕ್ಕೊಂದು ತಾಳೆ ನೋಡಬಲ್ಲವರು ಬೇಕು. ಆ ಹುಡುಗಿ ಓದಿದ್ದು ಬಿಎ ಹಿಸ್ಟರಿ. ವಿಚಾರಿಸಿದರೆ, ಅವಳಿಗೂ ಅದು ‘ಸಿಕ್ಕಿದ್ದೇ’.

ಅನುವಾದ ಮಾಡುವ ಆ್ಯಪ್ ಇನ್ನೂ ಸುಧಾರಿಸುತ್ತದೆ, ಮುಂದಿನ ವರ್ಷ ಮುಡಿಯೆಂದರೇನೆಂದು ಅದಕ್ಕೂ ಗೊತ್ತಾಗುತ್ತದೆ ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಅವಳು ಮಾಡಿದ್ದರಲ್ಲಿ ಅನುವಾದ ಸಣ್ಣ ಭಾಗ. ಚಾಲಗೇಣಿ ಎಂಬ ಶಬ್ದ ಕಂಡಾಗ ‘ಹಾಗಾದರೆ ಇನ್ನೊಂದು ಕಾಗದ ಇರಲೇಬೇಕು’ ಎಂದು ಅವಳಿಗೆ ಹೊಳೆಯಿತು. ಎದುರಿಗೆ ಇಲ್ಲದ ದಾಖಲೆಯನ್ನು ಅವಳು ಕೇಳಿದಳು. ಫೋನಿಗೆ ಯಾರೂ ಆ ಪ್ರಶ್ನೆ ಹಾಕಿರಲಿಲ್ಲ, ಹಾಕಬೇಕೆಂದು ಅಲ್ಲಿದ್ದ ನಮ್ಮಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಉತ್ತರ ಕೊಡುವ ಯಂತ್ರ ಅಗ್ಗವಾದಷ್ಟೂ ಯಾವ ಪ್ರಶ್ನೆ ಕೇಳಬೇಕು, ಬಂದ ಉತ್ತರ ಎಲ್ಲಿ ಎಡವಿದೆ ಎಂದು ಗುರುತಿಸುವವರ ಬೆಲೆ ಏರುತ್ತದೆ. ಬೆಲೆ ಎಂದೆ, ಸಂಬಳ ಎನ್ನಲಿಲ್ಲ. ಅವಳ ಸಂಬಳದ ವಿಷಯ ಎತ್ತಿದರೆ ನನ್ನ ವಾದ ಅರ್ಧ ಬಿದ್ದುಹೋಗುತ್ತದೆ. ಆ ಲೆಕ್ಕವೂ ಮುಂದೆ ಬರುತ್ತದೆ.

ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿದ್ದರೆ ಎಣ್ಮಕಜೆಗೆ ಹೋಗಬೇಕು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗೇರಿಗೆ ಕಾಟ ಕೊಡುವ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕೆ. ಕೆಳಗೆ ತೋಡು, ಸುರಂಗ, ಬಾವಿ, ಅಂಗಳದಲ್ಲಿ ಒಣಹಾಕಿದ ಅಡಿಕೆ, ಶಾಲೆಗೆ ನಡೆದುಹೋಗುವ ಮಕ್ಕಳು. ಅಂಗವಿಕಲ ಕರುಗಳು ಹುಟ್ಟಿದವು, ಆಮೇಲೆ ಮನೆಮನೆಗಳಲ್ಲಿ ಮಕ್ಕಳು. ದೈವದ ಮುನಿಸು ಎಂದುಕೊಂಡವರಿದ್ದರು. ಮನೆತನದ ದೋಷವೆಂದು ಬಾಗಿಲು ಮುಚ್ಚಿಕೊಂಡು ಕುಳಿತವರಿದ್ದರು.

ಆ ದಿನಗಳಲ್ಲಿ ವಿಜ್ಞಾನಕ್ಕೇನೂ ಕೊರತೆಯಿರಲಿಲ್ಲ. ಕೀಟನಾಶಕವೇ ವಿಜ್ಞಾನದ ಕೂಸು, ಅದು ಸುರಕ್ಷಿತವೆಂದು ಹೇಳುವ ವರದಿಗಳಿಗೂ ವಿಜ್ಞಾನದ ಮುದ್ರೆಯಿತ್ತು. ಕೊರತೆಯಿದ್ದದ್ದು ಬಿಡಿಬಿಡಿಯಾಗಿ ಬಿದ್ದಿದ್ದ ಸಂಗತಿಗಳನ್ನು ಕೂಡಿಸಿ ನೋಡುವುದಕ್ಕೆ. ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಮನೆಗಳು ಎಲ್ಲಿವೆ ಎಂದು ಗಮನಿಸಿದರು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ರೋಗಿಗಳು ಏಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆದು ಊರಿನ ಹೊರಗೆ ಮುಟ್ಟಿಸಿದರು. ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ ನಮ್ಮದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ 1998ರಲ್ಲಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು. ಮುಂದೆ 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು.

ಇವರು ಯಾವ ಕಾಲೇಜಿನಲ್ಲಿ ಯಾವ ವಿಷಯ ಓದಿದವರು ಎಂಬುದು ಇಲ್ಲಿ ಮುಖ್ಯವಲ್ಲ. ಇದನ್ನೆಲ್ಲ ಬಿಎ ಪದವೀಧರರು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅವರು ಮಾಡಿದ ಕೆಲಸಗಳ ಪಟ್ಟಿ ಮಾತ್ರ ಮಾಡಿ ನೋಡಿ. ರೋಗಿ ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದ್ದನ್ನು ಇಂಗ್ಲಿಷಿಗೆ ದಾಟಿಸಿದ್ದು. ಒಂದು ವರದಿ ಕೈಗೆ ಬಂದಾಗ ಇದನ್ನು ಬರೆಸಿದವರು ಯಾರು, ನೀರಿನ ಮಾದರಿ ತೆಗೆದದ್ದು ಮಳೆಗಾಲದ ಮೊದಲೋ ನಂತರವೋ ಎಂದು ಕೇಳಬಲ್ಲದ್ದು. ನಂಬಿಕೆಗೂ ಕಾರಣಕ್ಕೂ ಇರುವ ಅಂತರವನ್ನು ನಂಬುವವರ ಮನಸ್ಸು ಮುರಿಯದ ಹಾಗೆ ತಿಳಿಸುವುದು. ಕೋರ್ಟಿನ ಮುಂದೆ, ಓದುಗರ ಮುಂದೆ ಸಂಗತಿಯನ್ನು ಕ್ರಮವಾಗಿ ಇಡುವುದು. ಒಂದು ಒಳ್ಳೆಯ ಇತಿಹಾಸದ ತರಗತಿ, ಒಂದು ಒಳ್ಳೆಯ ಭಾಷೆಯ ತರಗತಿ, ಒಂದು ಒಳ್ಳೆಯ ಸಮಾಜಶಾಸ್ತ್ರದ ತರಗತಿ ಕಲಿಸಬೇಕಾದದ್ದು ಇವನ್ನೇ. ಡಾಕ್ಟರಾಗುವವನಿಗೂ ಕೃಷಿ ಅಧಿಕಾರಿಯಾಗುವವಳಿಗೂ ಇದು ಬೇಕು. ಅದಕ್ಕಾಗಿಯೇ ಫಿಸಿಕ್ಸಿನ ಮಕ್ಕಳಿಗೆ ಇತಿಹಾಸದ ಪೇಪರು ಇಡುವುದನ್ನು ನಾನು ಮೆಚ್ಚುವುದು.

ನಮ್ಮ ಮಣ್ಣಿಗೆ ಇದೇನೂ ಹೊಸದಾಗಿ ಹಡಗಿನಲ್ಲಿ ಬಂದ ಸರಕೂ ಅಲ್ಲ. ವ್ಯಾಕರಣ, ತರ್ಕ, ವಾಕ್ಚಾತುರ್ಯ ಈ ಮೂರನ್ನೂ ಒಂದೇ ರಾತ್ರಿಯಲ್ಲಿ ಪರೀಕ್ಷೆಗೊಡ್ಡುವ ಕಲೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ನೆಲದಲ್ಲಿ ಯಾವತ್ತಿನಿಂದಲೋ ಉಂಟು. ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದರೆ ಅರ್ಥಧಾರಿ ಕುಳಿತಲ್ಲೇ ಆ ಪಾತ್ರದ ಪಕ್ಷ ಹಿಡಿದು ವಾದಿಸಬೇಕು. ವಾಲಿವಧೆಯಲ್ಲಿ ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ಸಾಯುತ್ತಿರುವ ವಾಲಿ ಪ್ರಶ್ನಿಸುತ್ತಾನೆ. ಕೇಳುಗರಲ್ಲಿ ಎಲ್ಲರೂ ರಾಮಭಕ್ತರೇ, ಆದರೂ ವಾಲಿಯ ಪ್ರಶ್ನೆ ಹರಿತವಾಗಿದ್ದರೆ ‘ಭಲೇ’ ಅನ್ನುವವರೂ ಅವರೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರು ಮನೆಗೆ ಹೋಗುವ ದಾರಿಯಲ್ಲೂ ಜಗಳ ಮುಂದುವರಿಸುತ್ತಿದ್ದರು. ತಾನು ಒಪ್ಪದ ಪಕ್ಷವನ್ನೂ ಅದರ ಪೂರ್ಣ ಬಲದೊಡನೆ ಮಂಡಿಸಬಲ್ಲ ಶಕ್ತಿ ಅದು. ವಾಟ್ಸಾಪಿನ ಕುಟುಂಬ ಗ್ರೂಪಿನಲ್ಲಿ ನಾವು ಕಳೆದುಕೊಂಡಿರುವುದೂ ಅದನ್ನೇ.

ಹಾಗೆಂದು ಹಿಂದಿನದನ್ನು ಹೊಗಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಗ್ರೀಕರ ಸ್ವತಂತ್ರರ ವಿದ್ಯೆಯಿಂದ ಗುಲಾಮರೂ ಹೆಂಗಸರೂ ಹೊರಗಿದ್ದರು. ನಮ್ಮ ಜಗಲಿಯ ಕೂಟದಲ್ಲಿ ಅರ್ಥ ಹೇಳಲು ಕುಳಿತವರು ಯಾರು, ಅಂಗಳದಾಚೆ ನಿಂತು ಕೇಳಿದವರು ಯಾರು ಎಂದು ಯೋಚಿಸಿದರೆ ಅಂಥದೇ ಲೆಕ್ಕ ಸಿಗುತ್ತದೆ. ಆ ಬೇಲಿಯನ್ನು ನಿಜವಾಗಿ ಕಿತ್ತದ್ದು ಸರಕಾರಿ ಶಾಲೆ, ಸರಕಾರಿ ಕಾಲೇಜು. 1957ರಲ್ಲಿ ಕಾಸರಗೋಡಿನಲ್ಲಿ, 1980ರಲ್ಲಿ ಮಂಜೇಶ್ವರದಲ್ಲಿ ಸರಕಾರಿ ಕಾಲೇಜು ತೆರೆದಾಗ ಮನೆತನದಲ್ಲೇ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದವರು ಎಷ್ಟೋ ಜನ. ಅವರಲ್ಲಿ ಹೆಚ್ಚಿನವರಿಗೆ ತೆರೆದ ಬಾಗಿಲು ಬಿಎ, ಬಿಕಾಂಗಳದ್ದು.

ಮಂಜೇಶ್ವರದ ಆ ಕಾಲೇಜಿಗಿರುವುದು ಗೋವಿಂದ ಪೈಗಳ ಹೆಸರು. ಅವರ ಕೈಯಲ್ಲಿ ಬಿಎ ಪದವಿ ಇರಲಿಲ್ಲ ಎಂಬುದನ್ನು ನೆನೆದರೆ ನನಗೆ ನಗು ಬರುತ್ತದೆ. ಮದರಾಸಿನಲ್ಲಿ ಓದುತ್ತಿದ್ದವರು ತಂದೆ ತೀರಿಕೊಂಡದ್ದರಿಂದ ಅರ್ಧಕ್ಕೇ ಮರಳಿದರು. ಆಮೇಲೆ ಮಂಜೇಶ್ವರದ ಮನೆಯಲ್ಲೇ ಕುಳಿತು ಭಾಷೆಯ ಮೇಲೆ ಭಾಷೆ ಕಲಿತರು. ಕಾವ್ಯದಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟುಬಿಡುವ ಧೈರ್ಯ ಮಾಡಿದರು. ಈಜಿಪ್ಟಿನ ಪಪೈರಸ್ ಹಾಳೆಯಲ್ಲಿ ಸಿಕ್ಕ ಗ್ರೀಕ್ ಪ್ರಹಸನದೊಳಗೆ ಕನ್ನಡದ ಮಾತುಗಳಿವೆಯೇ ಎಂಬ ಚರ್ಚೆಗೆ ಇಳಿದರು. ಆ ಕೊನೆಯ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಇರಲಿ. 1949ರಲ್ಲಿ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿದ್ದು ಮದ್ರಾಸ್ ಸರಕಾರ. ಪದವಿ ಇಲ್ಲದೆಯೂ ಈ ವಿದ್ಯೆ ಇರಬಹುದು, ಪದವಿ ಇದ್ದೂ ಇಲ್ಲದಿರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಗೋವಿಂದ ಪೈಗಳಿಗೆ ಸ್ಥಿತಿವಂತರ ಮನೆಯಿತ್ತು, ಪುಸ್ತಕ ತರಿಸುವ ಶಕ್ತಿಯಿತ್ತು. ಬದಿಯಡ್ಕದ ಬೀಡಿ ಕಟ್ಟುವ ಹೆಂಗಸಿನ ಮಗಳಿಗೆ ಕಾಲೇಜೇ ಆಗಬೇಕು.

ಇನ್ನು ಹಣದ ಮಾತು. ತಪ್ಪಿಸಿಕೊಳ್ಳುವ ಹಾಗಿಲ್ಲ. ನರ್ಸಿಂಗ್ ಮುಗಿಸಿದವಳು ಮನೆಗೆ ಬೇಗ ದುಡ್ಡು ತರುತ್ತಾಳೆ, ಗಲ್ಫಿಗೆ ಹೋದರೆ ಅಪ್ಪನ ಸಾಲ ತೀರುತ್ತದೆ. ಸೊಸೈಟಿಯಲ್ಲಿ ಸಾಲ ತೆಗೆದ ಮನೆಯವನ ಮುಂದೆ ನಿಂತು ‘ನಿಮ್ಮ ಮಗಳಿಗೆ ವಿಚಾರಶಕ್ತಿ ಬರುತ್ತದೆ’ ಎಂದು ಬಿಎ ಮಾರುವ ಧೈರ್ಯ ನನಗಿಲ್ಲ. ಹಾಗೆ ಮಾರುವವರು ಸಾಮಾನ್ಯವಾಗಿ ತಮ್ಮ ಮಕ್ಕಳನ್ನು ಎಂಟ್ರೆನ್ಸ್ ಕೋಚಿಂಗಿಗೆ ಸೇರಿಸಿರುತ್ತಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥಲ್ಲಿ ಬಡ ಮಕ್ಕಳಿಗೆ ಸ್ಕಾಲರ್‌ಶಿಪ್ ಉಂಟು. ಆದರೆ ಅದು ಇಡೀ ಜಿಲ್ಲೆಯ ಹಸಿವಿಗೆ ಉತ್ತರವಾಗದು.

ಒಂದು ತಮಾಷೆ ಮಾತ್ರ ಗಮನಿಸಿ. ‘ಹಿಸ್ಟರಿ ಓದಿ ಎಂತ ಮಾಡುವುದು’ ಎಂದವರೇ ಇಪ್ಪತ್ತೈದನೇ ವಯಸ್ಸಿಗೆ ಸರಕಾರಿ ನೌಕರಿಯ ಪಿಎಸ್‌ಸಿ ಪರೀಕ್ಷೆಗೆಂದು ರ‍್ಯಾಂಕ್ ಫೈಲು ಎಂಬ ಗೈಡು ಕೊಂಡು ಹಿಸ್ಟರಿ ಓದುತ್ತಾರೆ. ಬಿಟೆಕ್ ಆದವನು ಬೆಳಗ್ಗೆ ನಾಲ್ಕಕ್ಕೆ ಎದ್ದು ಕೇರಳದ ನವೋತ್ಥಾನದ ಇಸವಿಗಳನ್ನು ಬಾಯಿಪಾಠ ಮಾಡುತ್ತಾನೆ, ಸಂವಿಧಾನದ ವಿಧಿಗಳನ್ನು ಹಾಡಿನ ಹಾಗೆ ಒಪ್ಪಿಸುತ್ತಾನೆ. ಯುಪಿಎಸ್‌ಸಿಗೆ ಕೂರುವ ಎಂಜಿನಿಯರುಗಳೂ ಐಚ್ಛಿಕಕ್ಕೆ ಸಮಾಜಶಾಸ್ತ್ರವನ್ನೋ ಕನ್ನಡ ಸಾಹಿತ್ಯವನ್ನೋ ಹಿಡಿಯುತ್ತಾರೆ. ಆರ್ಟ್ಸ್ ನಮ್ಮನ್ನು ಬಿಡುವುದಿಲ್ಲ. ಹದಿನೆಂಟರಲ್ಲಿ ಪ್ರಶ್ನೆ ಕೇಳುತ್ತ ಓದಬಹುದಾಗಿದ್ದನ್ನು ಇಪ್ಪತ್ತೈದರಲ್ಲಿ ಉಸಿರುಗಟ್ಟಿ ಉರುಹೊಡೆಯುತ್ತೇವೆ, ಅಷ್ಟೆ.

ಆದರೆ ಹದಿನೆಂಟರಲ್ಲಾದರೂ ಪ್ರಶ್ನೆ ಕೇಳುತ್ತ ಓದಿಸುತ್ತಿದ್ದೇವೆಯೇ? ನನ್ನ ನಿಜವಾದ ಸಿಟ್ಟು ಇಲ್ಲಿ. ನಮ್ಮ ಬಿಎ ತರಗತಿ ಬಹುಮಟ್ಟಿಗೆ ನೋಟ್ಸಿನ ಮೇಲೆ ನಡೆಯುತ್ತದೆ. ಮೂಲ ದಾಖಲೆ ಒಂದನ್ನೂ ಮುಟ್ಟದೆ ಇತಿಹಾಸದ ಪದವಿ, ಒಂದು ಕಾದಂಬರಿಯನ್ನೂ ಪೂರ್ತಿ ಓದದೆ ಸಾಹಿತ್ಯದ ಪದವಿ ಮುಗಿಸಿದವರನ್ನು ನಾನು ಕಂಡಿದ್ದೇನೆ. ಉತ್ತರ ಹತ್ತು ಅಂಕಕ್ಕೆ ಎಷ್ಟು ಪುಟ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಇಂಥ ಬಿಎಗೆ ಊರು ಬೆಲೆ ಕೊಡದಿದ್ದರೆ ಊರಿನದ್ದೇ ತಪ್ಪು ಅನ್ನಲಾಗದು.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಪೆಟ್ಟು ಸೇರುತ್ತದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದದ್ದಕ್ಕೆ ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನಲ್ಲಿ ಕುಳಿತದ್ದು ಇಲ್ಲಿ ಒಂದೆರಡು ಸಲವಲ್ಲ. ಇದನ್ನು ಭಾಷಾಭಿಮಾನದ ಗಲಾಟೆಯೆಂದು ದೂರದವರು ಬಗೆಯುತ್ತಾರೆ. ತರಗತಿಯ ಒಳಗೆ ಕುಳಿತು ನೋಡಿದರೆ ಬೇರೆ ಕಾಣು‌ತ್ತದೆ. ಗಣಿತವಾದರೆ ಹಲಗೆಯ ಮೇಲಿನ ಅಂಕಿ ಹೇಗೋ ದಾರಿ ತೋರಿಸೀತು. ಸಮಾಜ ಪಾಠದಲ್ಲಿ ಭಾಷೆಯೇ ಪಾಠ. ‘ಹಾಗಾದರೆ ಅವರು ಯಾಕೆ ಎದುರು ಬೀಳಲಿಲ್ಲ ಮಾಸ್ಟ್ರೇ?’ ಎಂದು ಮಗು ಕೇಳಬೇಕು, ಮಾಸ್ಟ್ರಿಗೆ ಆ ‘ಯಾಕೆ’ಯ ತೂಕ ತಿಳಿಯಬೇಕು. ಅದು ಆಗದಿದ್ದರೆ ಮಗು ಗೈಡಿನ ಉತ್ತರ ಕಲಿಯುತ್ತದೆ, ಪಾಸೂ ಆಗುತ್ತದೆ. ಪ್ರಶ್ನೆ ಕೇಳುವ ಅಭ್ಯಾಸ ಎಂಟನೇ ತರಗತಿಯಲ್ಲೇ ತಪ್ಪಿಹೋದ ಮಗುವಿಗೆ ಕಾಲೇಜಿನಲ್ಲಿ ಯಾವ ಲಿಬರಲ್ ಆರ್ಟ್ಸ್ ಕೊಡುತ್ತೀರಿ? 2017ರ ಮಲಯಾಳ ಕಡ್ಡಾಯ ಕಾನೂನಿನ ಹೊತ್ತಿಗೆ ಇಲ್ಲಿ ಎದ್ದ ಪ್ರತಿಭಟನೆಯನ್ನೂ ನಾನು ಈ ಬೆಳಕಿನಲ್ಲೇ ನೋಡುತ್ತೇನೆ. ಮಲಯಾಳ ನಮ್ಮ ಮಕ್ಕಳಿಗೆ ಬೇಕು, ಅಜ್ಜನ ಪೆಟ್ಟಿಗೆಯಡಿಯ ಕಾಗದವೇ ಅದಕ್ಕೆ ಸಾಕ್ಷಿ. ಆದರೆ ಯೋಚಿಸುವ ಭಾಷೆಯನ್ನು ಕಿತ್ತು ಆ ಜಾಗದಲ್ಲಿ ಅದನ್ನು ನೆಟ್ಟರೆ ಎರಡೂ ಒಣಗುತ್ತವೆ.

ಚೆನ್ನಾಗಿ ಮಾಡಿದರೆ ಹೇಗಿರುತ್ತದೆ? ದೂರ ಹೋಗಬೇಕಿಲ್ಲ. ನಮ್ಮ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳು ಸಾವಿರಗಟ್ಟಲೆ ಇವೆ. ಒಂದು ಸುರಂಗವನ್ನು ಹಿಡಿದು ಒಂದು ಸೆಮಿಸ್ಟರ್ ಪಾಠ ಮಾಡಬಹುದು. ಮುರಕಲ್ಲಿನ ಪದರದಲ್ಲಿ ನೀರು ಹೇಗೆ ಜಿನುಗುತ್ತದೆ ಎಂದು ಭೂವಿಜ್ಞಾನ. ಎಷ್ಟು ಕೋಲು ಕೊರೆದರೆ ಎಷ್ಟು ಕೂಲಿ ಎಂದು ಅರ್ಥಶಾಸ್ತ್ರ. ಒಳಗೆ ಗಾಳಿ ಕಡಿಮೆಯಾದಾಗ ಹಣತೆ ಆರಿಹೋಗುವ ಲಕ್ಷಣವನ್ನು ನಂಬಿ ಕೊರೆದವರು ಯಾರು, ಅವರ ಹೆಸರು ಯಾವ ದಾಖಲೆಯಲ್ಲಾದರೂ ಉಂಟೋ ಎಂದು ಇತಿಹಾಸ. ಕೊರೆಯುವವರ ಬಾಯಲ್ಲಿರುವ ಶಬ್ದಗಳನ್ನು ಬರೆದುಕೊಂಡರೆ ಭಾಷಾವಿಜ್ಞಾನ. ಕೊಳವೆಬಾವಿ ಬಂದ ಮೇಲೆ ನೆರೆಮನೆಯ ಸುರಂಗ ಬತ್ತಿದರೆ ನೀರು ಯಾರದ್ದು ಎಂದು ಕಾನೂನು. ನಾಲ್ಕು ವರ್ಷದ ಪದವಿಯ ಹೊಸ ಪಠ್ಯದಲ್ಲಿ ಇಂಥದಕ್ಕೆ ಜಾಗ ಮಾಡಿಕೊಳ್ಳಬಹುದು. ಬೇಕಾದದ್ದು ಕಟ್ಟಡವೂ ಅಲ್ಲ, ಲಕ್ಷದ ಫೀಸೂ ಅಲ್ಲ. ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತುವ ಒಬ್ಬ ಮೇಷ್ಟ್ರು ಸಾಕು, ಅವರಿಗೆ ನಾಳೆಯೂ ಅಲ್ಲೇ ಕೆಲಸ ಇರುತ್ತದೆಂಬ ಖಾತ್ರಿ ಸಾಕು.

ಹಾಗಾಗಿ ಕಾಲೇಜಿಗೆ ಮಕ್ಕಳನ್ನು ಸೇರಿಸುವವರಿಗೆ ನಾನು ಹೇಳುವುದು, ಯಾವ ಗ್ರೂಪು ಎಂದು ಕೇಳುವ ಮೊದಲು ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಗೆಸ್ಟ್ ಎಷ್ಟು ಎಂದು ಕೇಳಿ. ಲೈಬ್ರರಿಯಿಂದ ಮಕ್ಕಳ ಕೈಗೆ ಪುಸ್ತಕ ಹೋಗುತ್ತದೋ, ಕಪಾಟಿಗೆ ಬೀಗವೋ ನೋಡಿ. ಕಳೆದ ವರ್ಷದ ಮಕ್ಕಳು ಬರೆದ ಒಂದು ಪ್ರಾಜೆಕ್ಟ್ ತೋರಿಸಿ ಅನ್ನಿ. ಅದು ಇಂಟರ್‌ನೆಟ್ಟಿನಿಂದ ಇಳಿಸಿದ್ದೋ ಊರು ಸುತ್ತಿ ಬರೆದದ್ದೋ ಎಂದು ಎರಡು ಪುಟ ತಿರುವಿದರೆ ಗೊತ್ತಾಗುತ್ತದೆ.

ಅಕ್ಷಯದ ಹುಡುಗಿಯನ್ನು ಆಮೇಲೆ ಕೇಳಿದೆ, ಚಾಲಗೇಣಿ ಕುಮ್ಕಿ ಎಲ್ಲ ನಿನಗೆ ಕಲಿಸಿದ್ದು ಯಾರು ಮಾರಾಯ್ತಿ, ಸಿಲೆಬಸ್ಸಿನಲ್ಲಿ ಇತ್ತಾ ಎಂದು. ಇರಲಿಲ್ಲವಂತೆ. ಎರಡನೇ ವರ್ಷದಲ್ಲಿ ಒಬ್ಬರು ಮೇಡಂ ಇದ್ದರು, ‘ಎಲ್ಲರೂ ಮನೆಯಿಂದ ಒಂದು ಹಳೆಯ ಕಾಗದ ತನ್ನಿ’ ಎಂದರು. ಒಬ್ಬ ರೇಶನ್ ಕಾರ್ಡು ತಂದ, ಒಬ್ಬಳು ಅಜ್ಜಿಯ ಮದುವೆಯ ಕಾಗದ, ಇನ್ನೊಬ್ಬ ಬೀಡಿ ಡಿಪೋದ ಚೀಟಿ. ಇವಳು ತಂದದ್ದು ಅಜ್ಜನ ಮನೆಯ ಗೇಣಿಚೀಟಿ. ತಿಂಗಳಿಡೀ ಆ ಕಾಗದಗಳದ್ದೇ ಪಾಠ. ಅರ್ಥವಾಗದ ಶಬ್ದ ಸಿಕ್ಕಿದರೆ ಮೇಡಂ ಹೇಳಿಕೊಡುತ್ತಿರಲಿಲ್ಲ, ‘ಊರಿನಲ್ಲಿ ಹಿರಿಯರನ್ನು ಕೇಳಿಕೊಂಡು ಬಾ’ ಎಂದು ಕಳಿಸುತ್ತಿದ್ದರು.

‘ಈಗಲೂ ಇದ್ದಾರಾ ಅವರು?’

‘ಇಲ್ಲ. ಗೆಸ್ಟ್ ಅಲ್ವಾ, ಮಾರ್ಚಿಗೆ ಮುಗೀತು. ನಮ್ಮ ನಂತರದ ಬ್ಯಾಚಿಗೆ ನೋಟ್ಸ್ ಸಿಕ್ಕಿತು’ ಎಂದು ಅವಳು ಮುಂದಿನ ಟೋಕನ್ ಕರೆದಳು.